ಕುಂತೀದೇವಿಯ ಕೃತಜ್ಞತೆ

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||

ಮಾಘ ಶುದ್ಧ ಅಷ್ಟಮಿಯಂದು ಭೀಷ್ಮಾಚಾರ್ಯರಿಗೆ ತರ್ಪಣ; ಮರುದಿನವೇ ಮಧ್ವನವಮಿ. ಶ್ರೀಮದಾಚಾರ್ಯರು ಉಡುಪಿಯ ಶ್ರೀ ಅನಂತೇಶ್ವರ ಸನ್ನಿಧಿಯಲ್ಲಿ ಐತರೇಯೋಪನಿಷತ್ತಿನ ಪಾಠ ಹೇಳುತ್ತಿರುವಾಗಲೇ ಪುಷ್ಪವೃಷ್ಟಿಯ ನಡುವೆ ಅದೃಶ್ಯರಾದ ದಿನವದು. ಅಂದು ನಾವು ಸುಮಧ್ವವಿಜಯವನ್ನು ಪಾರಾಯಣ ಮಾಡಿ ಉತ್ಸವವನ್ನಾಚರಿಸುತ್ತೇವೆ. ಆದರೆ ಶಿಷ್ಯರ ಪಾಲಿಗೆ ಅದು ಅಗಲಿಕೆಯ ದಿನವೂ ಆಗಿದ್ದಿತು. ಪಡೆದ ಉಪಕಾರಕ್ಕಾಗಿ ಹರ್ಷ, ಕಳೆದುಕೊಂಡುದಕ್ಕಾಗಿ ವಿಷಾದ, ಇವೆರಡೂ ಒಂದೇ ಹೃದಯದಲ್ಲಿ ಇರಬಹುದೆ? ದುಃಖವನ್ನು ಬಾಯಿಬಿಟ್ಟು ಹೇಳಿಕೊಂಡರೆ ಶ್ರೀಹರಿಯ ಉಪಕಾರವನ್ನು ಮರೆತಂತಾಗುವುದೆ?

ಇದು ನಮ್ಮ ಮನೆಗಳಲ್ಲಿಯೇ ಇರುವ ಪ್ರಶ್ನೆ. ವೈಕುಂಠಸಮಾರಾಧನೆ ಮುಗಿದೊಡನೆ ಬಂಧುಗಳು, “ಎಲ್ಲವೂ ಹರಿಚಿತ್ತ, ಇನ್ನು ಅಳಬಾರದಮ್ಮ” ಎನ್ನುತ್ತಾರೆ. ಹರಿಚಿತ್ತವೆಂಬುದು ನಿಜವೇ. ಆದರೆ ಮಗನನ್ನು ಕಳೆದುಕೊಂಡ ತಾಯಿ ತನ್ನ ಕಣ್ಣೀರೇ ಅಪರಾಧವೆಂದು ತಿಳಿದು ಮೌನವಾಗುತ್ತಾಳೆ. ದೇವರ ಮುಂದೆ ಕೈಮುಗಿದು ನಿಂತಾಗಲೂ ಆಕೆಯ ಮನಸ್ಸು ಮುಚ್ಚಿಯೇ ಇರುತ್ತದೆ.

ಶ್ರೀಮದ್ಭಾಗವತದ ಪ್ರಥಮಸ್ಕಂಧವನ್ನು ನೋಡೋಣ. ಯುದ್ಧ ಮುಗಿದಿದೆ, ಜಯ ಲಭಿಸಿದೆ. ಉತ್ತರೆಯ ಗರ್ಭವನ್ನು ಬ್ರಹ್ಮಾಸ್ತ್ರದಿಂದ ರಕ್ಷಿಸಿದ ಶ್ರೀಕೃಷ್ಣನು ದ್ವಾರಕೆಗೆ ಹೊರಟು ನಿಂತಿದ್ದಾನೆ. ಆಗ ಕುಂತೀದೇವಿ ಅವನನ್ನು ಸ್ತುತಿಸುತ್ತಾಳೆ. ತನ್ನ ಮಕ್ಕಳಿಗಿಕ್ಕಿದ ವಿಷ, ಅರಗಿನ ಮನೆಯ ಬೆಂಕಿ, ನರಭಕ್ಷಕರಾದ ರಾಕ್ಷಸರು, ದುಷ್ಟರ ಸಭೆ, ವನವಾಸದ ಕಷ್ಟ, ಮಹಾರಥರ ಅಸ್ತ್ರಗಳು, ಇವನ್ನೆಲ್ಲ ಒಂದೊಂದಾಗಿ ಹೆಸರಿಸಿಯೇ ‘ನೀನು ಕಾಪಾಡಿದೆ’ ಎನ್ನುತ್ತಾಳೆ. ವಿಷವನ್ನು ವಿಷವೆಂದು ಕರೆಯದೆ ಕಾಪಾಡಿದವನ ಉಪಕಾರವನ್ನು ಅಳೆಯುವುದೆಂತು? ವಿಪತ್ತುಗಳು ಮತ್ತೆ ಮತ್ತೆ ಬರಲಿ ಎಂದು ಆಕೆ ಬೇಡಿದುದನ್ನು ಹಲವರು ದುಃಖವೇ ಪ್ರಿಯವಾಗಿತ್ತೆಂಬಂತೆ ಹೇಳುವುದುಂಟು. ಆಕೆ ಬೇಡಿದ್ದು ನೋವನ್ನಲ್ಲ. ಆ ವಿಪತ್ತುಗಳಲ್ಲಿ ದೊರೆಯುತ್ತಿದ್ದ ಅವನ ದರ್ಶನವನ್ನು. ಅಷ್ಟಕ್ಕೇ ನಿಲ್ಲದೆ, ‘ನಿನ್ನನ್ನೇ ನಂಬಿದ ನಮ್ಮನ್ನು ಈಗ ಬಿಟ್ಟುಹೋಗುವೆಯಾ?’ ಎಂಬ ಅಳಲನ್ನೂ ಅದೇ ಸ್ತುತಿಯೊಳಗೆ ಇಟ್ಟಿದ್ದಾಳೆ.

ಅದಕ್ಕೆ ಸ್ವಲ್ಪ ಮುಂಚೆ ದ್ರೌಪದೀದೇವಿಯ ಪ್ರಸಂಗವಿದೆ. ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನನು ಕಟ್ಟಿ ತಂದಿದ್ದಾನೆ. ಆಕೆ ಅವನನ್ನು ಬಿಡಿಸುತ್ತಾಳೆ. ತಾನು ಅಳುತ್ತಿರುವಂತೆ ಅವನ ತಾಯಿಯೂ ಅಳುವಂತಾಗಬಾರದು ಎಂಬುದು ಆಕೆಯ ಮಾತಿನ ತಾತ್ಪರ್ಯ. ತನ್ನ ಅಳುವನ್ನು ಒಪ್ಪಿಕೊಂಡುದರಿಂದಲೇ ಇನ್ನೊಬ್ಬ ತಾಯಿಯ ಅಳು ಆಕೆಗೆ ಕೇಳಿಸಿತು. ದ್ರೌಪದಿಯು ಭಾರತೀದೇವಿಯ ಅವತಾರವಲ್ಲವೆ, ಆಕೆಗೆ ನಮ್ಮಂತಹ ಶೋಕವೆಲ್ಲಿಯದು ಎಂದು ಕೇಳಬಹುದು. ಲೋಕಶಿಕ್ಷಣಕ್ಕಾಗಿ ತೋರಿದುದಾದರೆ, ಶಿಕ್ಷಣ ಪಡೆಯಬೇಕಾದ ಲೋಕ ನಾವೇ ಅಲ್ಲವೆ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ. ಬದ್ಧನಾದ ಜೀವನು ಪಡುವ ದುಃಖವೂ ಬರಿಯ ತೋರಿಕೆಯಲ್ಲ. ಬಂಧವು ಸತ್ಯವಾದುದರಿಂದಲೇ ಅದರ ಬಿಡುಗಡೆಗೆ ಶ್ರೀಹರಿಯ ಪ್ರಸಾದವು ಬೇಕಾಗಿದೆ. ಆದುದರಿಂದ ಇರುವ ದುಃಖವನ್ನು ಇಲ್ಲವೆನ್ನುವುದು ತತ್ತ್ವವಾದಿಗೆ ಸಲ್ಲದು.

ಹಾಗೆಂದು ನಾಲಗೆಯನ್ನು ಹರಿಯಬಿಡಬಹುದೆ? ಕೂಡದು. ಭಕ್ತಿಯೆಂದರೆ ಮಾಹಾತ್ಮ್ಯಜ್ಞಾನಪೂರ್ವಕವಾದ, ಎಲ್ಲಕ್ಕಿಂತ ಮಿಗಿಲಾದ ದೃಢಸ್ನೇಹವೆಂದು ಆಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ನಿರೂಪಿಸಿದ್ದಾರೆ. ಇದರಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಸ್ನೇಹವಿದ್ದಲ್ಲಿ ಮರೆಮಾಚುವಿಕೆಗೆ ಎಡೆಯಿಲ್ಲ. ಮಾಹಾತ್ಮ್ಯಜ್ಞಾನವಿದ್ದಲ್ಲಿ ದೂಷಣೆಗೆ ಎಡೆಯಿಲ್ಲ. ಜೀವರ ಅನಾದಿಯೋಗ್ಯತೆ ಮತ್ತು ಕರ್ಮಗಳನ್ನನುಸರಿಸಿ ಫಲವೀಯುವ ಭಗವಂತನಲ್ಲಿ ಪಕ್ಷಪಾತವಾಗಲಿ ನಿರ್ದಯೆಯಾಗಲಿ ಇಲ್ಲ. ‘ಸ್ವಾಮಿ, ನನಗೆ ತಡೆಯಲಾಗುತ್ತಿಲ್ಲ’ ಎಂದು ಅವನೆದುರು ಅತ್ತರೆ ಅದು ಶರಣಾಗತಿ. ‘ಅವನು ದಯೆಯಿಲ್ಲದವನು’ ಎಂದು ಅವನಿಗೆ ಬೆನ್ನು ತಿರುಗಿಸಿದರೆ ಅದು ಅಜ್ಞಾನ.

ಇನ್ನು, ದುಃಖಿತರ ಬಳಿ ಕುಳಿತವರ ಧರ್ಮವೇನು? ಬಂಧುವಧೆಯ ಶೋಕದಲ್ಲಿ ಮುಳುಗಿದ್ದ ಧರ್ಮರಾಜನಿಗೆ ವ್ಯಾಸರ ಮಾತಿನಿಂದಲೂ ಶ್ರೀಕೃಷ್ಣನ ಮಾತಿನಿಂದಲೂ ಸಮಾಧಾನವಾಗಲಿಲ್ಲವೆಂದು ಭಾಗವತವು ಹೇಳುತ್ತದೆ. ಸ್ವಾಮಿಯು ಅವನನ್ನು ‘ರಾಜ್ಯ ದೊರೆಯಿತಲ್ಲ, ಇನ್ನೇಕೆ ಶೋಕ?’ ಎಂದು ಗದರಲಿಲ್ಲ. ಶರಶಯ್ಯೆಯಲ್ಲಿದ್ದ ಭೀಷ್ಮರ ಬಳಿಗೆ ತಾನೂ ಜೊತೆಯಲ್ಲಿ ಬಂದನು. ಆ ಶೋಕದಿಂದ ಮೊದಲಾದ ಪ್ರಶ್ನೋತ್ತರವೇ ಮುಂದುವರಿದು, ಅನುಶಾಸನಪರ್ವದಲ್ಲಿ ನಮಗೆ ಶ್ರೀವಿಷ್ಣುಸಹಸ್ರನಾಮವು ದೊರೆಯಿತು. ನಾವು ನಿತ್ಯ ಪಠಿಸುವ ಆ ನಾಮಾವಳಿಯನ್ನು ಮೊದಲು ಕೇಳಿಸಿಕೊಂಡವನು, ತನ್ನ ನೋವನ್ನು ಮುಚ್ಚಿಡದ ಒಬ್ಬ ಮನುಷ್ಯ.

ಆದುದರಿಂದ ಪೂಜಾಂತ್ಯದಲ್ಲಿ ಅರ್ಪಣೆಯ ನೀರು ಬಿಡುವಾಗ ಸುಖವನ್ನಷ್ಟೇ ಒಪ್ಪಿಸಿ ದುಃಖವನ್ನು ಬಚ್ಚಿಡದಿರೋಣ. ಮನೆಯಲ್ಲಿ ಅಳುವವರಿದ್ದರೆ ಮೊದಲು ಅವರ ಮಾತನ್ನು ಕೇಳೋಣ. ಬಳಿಕ ಅವರೊಡನೆ ಕುಳಿತು ಸಹಸ್ರನಾಮವನ್ನು ಹೇಳೋಣ. ಕುಂತಿಯ ಕೃತಜ್ಞತೆಯಂತಹ ಕೃತಜ್ಞತೆಯನ್ನು ಶ್ರೀಹರಿಯು ನಮಗೂ ಕರುಣಿಸಲಿ.

ಶ್ರೀ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.