ನಗುವ ಸರದಿ

ಯುದ್ಧವನ್ನು ನೆನೆದು ನಗಬಹುದೇ? ಹೀಗೆ ಕೇಳಿದ ಕೂಡಲೇ ‘ಛೆ, ಛೆ’ ಎನ್ನುವವರು ಒಂದು ಕಡೆ. ‘ನಗದೆ ಬದುಕುವುದಾದರೂ ಹೇಗೆ’ ಎನ್ನುವವರು ಇನ್ನೊಂದು ಕಡೆ. ಸಾವಿನ ಮನೆಯಲ್ಲಿ ನಕ್ಕವರನ್ನು ನಾವು ಕ್ಷಮಿಸುವುದಿಲ್ಲ. ಆದರೆ ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಾಗ, ಹೋದವರ ತಮಾಷೆಯ ಮಾತುಗಳನ್ನು ನೆನೆದು ಮನೆಮಂದಿಯೆಲ್ಲ ನಗುತ್ತಾರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅಂದಮೇಲೆ ನಗುವಿಗೂ ಒಂದು ಹೊತ್ತು, ಒಂದು ಕ್ರಮ ಇದೆ ಎಂದಾಯಿತು. ಆ ಕ್ರಮ ಯಾವುದು?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ನನ್ನ ತಂಗಿಯ ಮೊಮ್ಮಗ ಟೀವಿ ಧಾರಾವಾಹಿಗಳನ್ನು ಬರೆಯುವ ಹುಡುಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಮ್ಮ ಶಂಕರಪುರಂನ ಒಂದು ತುಂಬಿದ ಮನೆಯಲ್ಲಿ ನಡೆಯುವ ಹಾಸ್ಯ ಧಾರಾವಾಹಿಯೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಓಡಾಡುತ್ತಿದ್ದಾನೆ. “ದೊಡ್ಡಜ್ಜಿ, ನಿಮ್ಮ ಅತ್ತೆ ಹೇಳ್ತಿದ್ದ ಕಥೆಗಳನ್ನೆಲ್ಲ ನನಗೆ ಕೊಡಿ” ಎಂದು ದುಂಬಾಲು ಬಿದ್ದಿದ್ದಾನೆ.

ಕಥೆಗಳಿಗೇನು ಬರವಿಲ್ಲ. 1942ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಮುಂದಿನ ಸರದಿ ತಮ್ಮದೆಂದು ಹೆದರಿ ಮದರಾಸಿನ ಜನ ಊರು ಬಿಟ್ಟರು. ಒಳನಾಡಿನಲ್ಲಿ ನೆಂಟರಿದ್ದವರು ನೆಂಟರ ಮನೆಗೆ ರೈಲು ಹತ್ತಿದರು. ಆಗ ನಮ್ಮ ಅತ್ತೆ ಹೊಸದಾಗಿ ಈ ಮನೆಗೆ ಬಂದ ಸೊಸೆ. ಒಂದು ಬೆಳಗ್ಗೆ ಜಟಕಾಗಳಲ್ಲಿ ಬಂದಿಳಿದವರು ಹನ್ನೊಂದು ಜನ; ಜೊತೆಗೆ ಉಪ್ಪಿನಕಾಯಿ ಜಾಡಿಗಳು, ಒಂದು ಒರಳುಕಲ್ಲು, ಒಂದು ವೀಣೆ. “ಬಾಂಬು ಮದರಾಸಿಗೆ ಬೀಳಲಿಲ್ಲ ಕಣೇ, ನೇರವಾಗಿ ನಮ್ಮ ಅಡಿಗೆಮನೆಗೇ ಬಿತ್ತು” ಎಂದರಂತೆ ಅತ್ತೆಯ ಅತ್ತೆ.

ಬರ್ಮಾ ಜಪಾನಿನ ಕೈಸೇರಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ಸಾಲು, ಸೀಮೆಎಣ್ಣೆಗೆ ಸಾಲು. ಹುರಿದ ಹುಣಿಸೆಬೀಜದ ಪುಡಿ ಬೆರೆತ ಕಾಫಿಯನ್ನು ಒಂದು ಗುಟುಕು ಕುಡಿದು, “ಹಿಟ್ಲರ್ ಆಮೇಲೆ ಸೋಲಲಿ, ಮೊದಲು ಈ ಕಾಫಿ ಸೋಲಬೇಕು” ಎಂದು ಲೋಟ ಕೆಳಗಿಡುತ್ತಿದ್ದ ಮನೆಯ ಯಜಮಾನರು. ಲೋಹ ಉಳಿಸಲೆಂದು ಸರ್ಕಾರ 1943ರಲ್ಲಿ ನಡುವೆ ತೂತಿರುವ ಕಾಸನ್ನು ಹೊರಡಿಸಿದಾಗ ಅದನ್ನು ಉಡಿದಾರಕ್ಕೆ ಪೋಣಿಸಿಕೊಂಡು ಕುಣಿದ ಮಕ್ಕಳು. ಕೇಳುತ್ತ ಕೇಳುತ್ತ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಇಂಥ ನಗು ಆ ಕಾಲದ್ದೇ ಸೊತ್ತು. ‘ರಾಶಿ’ ಎಂದು ಕನ್ನಡಿಗರಿಗೆ ಪರಿಚಿತರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ್ದು 1942ರಲ್ಲಿ, ಯುದ್ಧದ ನಟ್ಟನಡುವೆ. ಆಗಿನ್ನೂ ಯುವಕರಾಗಿದ್ದ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದರು. 1967ರವರೆಗೆ ಆ ಪತ್ರಿಕೆ ಕನ್ನಡಿಗರನ್ನು ನಗಿಸಿತು. ರಾಶಿಯವರು ವೃತ್ತಿಯಿಂದ ವೈದ್ಯರು. ನಾಳೆ ಏನಾಗುತ್ತದೋ ಯಾರಿಗೂ ತಿಳಿಯದ ದಿನಗಳಲ್ಲಿ ಒಬ್ಬ ವೈದ್ಯರಿಗೆ ಜನರನ್ನು ನಗಿಸಬೇಕೆನ್ನಿಸಿತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ. ಬರೆದವರೂ ಓದಿದವರೂ ಒಂದೇ ಸಾಲಿನಲ್ಲಿ ನಿಂತವರು. ತನ್ನ ಪಾಡಿಗೆ ತಾನೇ ನಗುವವನನ್ನು ತಡೆಯಲು ನಾವು ಯಾರು?

ತೊಡಕಿರುವುದು ನಮ್ಮ ನಗುವಿನಲ್ಲಿ. ನಮಗೆ ಕಥೆಯ ಕೊನೆ ಗೊತ್ತು. 1945ರಲ್ಲಿ ಯುದ್ಧ ಮುಗಿಯಿತು. ಬೆಂಗಳೂರಿನ ಮೇಲೆ ಬಾಂಬು ಬೀಳಲಿಲ್ಲ. ಆದ್ದರಿಂದ ಹೆದರಿ ಓಡಿಬಂದವರ ಒರಳುಕಲ್ಲು ನಮಗೆ ತಮಾಷೆಯಾಗಿ ಕಾಣುತ್ತದೆ. ನಮ್ಮಲ್ಲಿ ಅಕ್ಕಿಯ ಕೊರತೆ ನಗೆಮಾತಾದ 1943ರಲ್ಲೇ ಬಂಗಾಳದಲ್ಲಿ ಹಸಿವಿನಿಂದ ಲಕ್ಷಾಂತರ ಜನ ಸತ್ತರು.

ಅಷ್ಟು ದೂರ ಹೋಗುವುದೂ ಬೇಡ. ನಗುವಿನ ಆ ಮನೆಯಲ್ಲೇ ಇನ್ನೊಬ್ಬಾಕೆ ಇದ್ದರು. ಯಜಮಾನರಿಗೆ ದೂರದ ಸಂಬಂಧದಲ್ಲಿ ತಂಗಿಯಾಗಬೇಕು. ಎಲ್ಲರೂ ಕರೆಯುತ್ತಿದ್ದುದು ರಂಗೂನಮ್ಮ ಎಂದು. ಆಕೆಯ ಗಂಡ ರಂಗೂನಿನಲ್ಲಿ ಗುಮಾಸ್ತೆ. 1941ರ ಡಿಸೆಂಬರ್‌ನಲ್ಲಿ ಅಲ್ಲಿ ಬಾಂಬು ಬಿದ್ದ ಮೇಲೆ ಲಕ್ಷಗಟ್ಟಲೆ ಭಾರತೀಯರು ಬರ್ಮಾ ಬಿಟ್ಟರು. ಹಡಗು ಸಿಗದವರು ಕಾಡು ಬೆಟ್ಟಗಳ ದಾರಿ ಹಿಡಿದು ನಡೆದರು. ಸಾವಿರಾರು ಜನ ದಾರಿಯಲ್ಲೇ ಉಳಿದರು. ಹೊರಟಾಗ ರಂಗೂನಮ್ಮನ ಜೊತೆ ಗಂಡನೂ ಪುಟ್ಟ ಮಗಳೂ ಇದ್ದರು. ಶಂಕರಪುರಂ ಸೇರಿದ್ದು ಆಕೆಯೊಬ್ಬರೇ. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ಅಕ್ಕಿಯ ಗಂಟು. ಮಲಗುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲವಂತೆ. ಏನೂ ಅರಿಯದ ಮಕ್ಕಳು ‘ರಂಗೂನಮ್ಮನ ಮಡಿಲಕ್ಕಿ’ ಎಂದು ನಕ್ಕಾಗ ದೊಡ್ಡವರು ಗದರಿಸಿ ಹೊರಗೆ ಅಟ್ಟುತ್ತಿದ್ದರು.

ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅವರನ್ನ ಬಿಟ್ಟುಬಿಡೋಣ ದೊಡ್ಡಜ್ಜಿ. ಹಾಸ್ಯ ಕೆಡುತ್ತೆ” ಎಂದ.

ಅವನಿಗೆ ಆಕೆಯ ಮೇಲೆ ಗೌರವವೇ ಇತ್ತು. ಆದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಾವು ಸುಖವಾಗಿ ನಗಬೇಕೆಂದು ದುಃಖಪಟ್ಟವಳನ್ನು ಕಥೆಯಿಂದ ಎಬ್ಬಿಸಿ ಕಳಿಸುವುದು ಎಂಥ ನ್ಯಾಯ? ಮದುವೆಮನೆಯಲ್ಲಿ ವಿಧವೆಯರನ್ನು ಒಳಕೋಣೆಗೆ ಸರಿಸುತ್ತಿದ್ದ ಪದ್ಧತಿಯನ್ನು ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೇವೆ. ಅಲ್ಲಿ ಮಂಗಳದ ನೆಪ, ಇಲ್ಲಿ ಹಾಸ್ಯದ ನೆಪ.

ಅಮೆರಿಕದಲ್ಲಿ ‘ಮ್ಯಾಶ್’ ಎಂಬ ಧಾರಾವಾಹಿ 1972ರಿಂದ 1983ರವರೆಗೆ ನಡೆಯಿತು. ಕೊರಿಯಾ ಯುದ್ಧಭೂಮಿಯ ಒಂದು ಸೇನಾ ಆಸ್ಪತ್ರೆಯ ಕಥೆ. ಯುದ್ಧ ನಡೆದದ್ದು ಮೂರು ವರ್ಷ, ಧಾರಾವಾಹಿ ನಡೆದದ್ದು ಹನ್ನೊಂದು ವರ್ಷ! ಆ ಕಾಲದ ಹಾಸ್ಯ ಧಾರಾವಾಹಿಗಳಲ್ಲಿ ಪ್ರತಿ ತಮಾಷೆಯ ಹಿಂದೆಯೂ ಜನ ನಗುವ ಸದ್ದನ್ನು ಸೇರಿಸುತ್ತಿದ್ದರು. ಈ ತಯಾರಕರಿಗೆ ಅದು ಬೇಡವಾಗಿತ್ತು, ವಾಹಿನಿಯವರು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಲ್ಲಿ ಆ ನಗುವಿನ ಸದ್ದು ಕೇಳಿಸಬಾರದು. ಆದರೆ ರಕ್ತದಲ್ಲಿ ಕೈಯಿಟ್ಟ ವೈದ್ಯರು ಮಾತ್ರ ಆ ಕೋಣೆಯಲ್ಲೂ ತಮಾಷೆ ಮಾಡುತ್ತಲೇ ಇರುತ್ತಾರೆ. ಒಳಗಿದ್ದವರು ನಗಬಹುದು, ಹೊರಗಿನವರು ತಡೆಯಬೇಕು ಎಂದಂತೆ.

ಇದು ನನಗೆ ಅರ್ಥವಾದದ್ದು ರಂಗೂನಮ್ಮನಿಂದಲೇ. ಒಂದು ದಿನ ಮದರಾಸಿನ ನೆಂಟರೊಬ್ಬರು ಸೀಮೆಎಣ್ಣೆಯ ಸಾಲಿನಿಂದ ಬರಿಗೈಲಿ ಹಿಂತಿರುಗಿ, “ಚಾಮರಾಜಪೇಟೆಯವರೆಗೂ ನಡೆದು ನಡೆದು ಕಾಲೇ ಬಿದ್ದುಹೋಯ್ತು” ಎಂದು ಗೊಣಗಿದರಂತೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ರಂಗೂನಮ್ಮ ತಲೆ ಎತ್ತದೆಯೇ ಹೇಳಿದರು: “ಕೊಡಿ ಆ ಡಬ್ಬ, ನಾನು ಹೋಗಿ ಬರ್ತೀನಿ. ರಂಗೂನಿಂದ ನಡೆದು ಬಂದೋಳಿಗೆ ಚಾಮರಾಜಪೇಟೆ ದೂರವೇ?” ಮನೆಯೆಲ್ಲ ಸ್ತಬ್ಧ. ಯಾರಿಗೂ ಯಾರ ಮುಖ ನೋಡಲೂ ಧೈರ್ಯವಿಲ್ಲ. ಆಗ ರಂಗೂನಮ್ಮನೇ ಮೆಲ್ಲಗೆ ನಕ್ಕರು. ಆಮೇಲೆ ಅತ್ತೆಯ ಅತ್ತೆ, ಆಮೇಲೆ ಎಲ್ಲರೂ. ನಗುತ್ತ ನಗುತ್ತ ಕೆಲವರು ಕಣ್ಣೊರೆಸಿಕೊಂಡರು. ಆಕೆ ಬಂದು ಆರು ತಿಂಗಳಾಗಿತ್ತು. ಅದೇ ಮೊದಲ ನಗುವಂತೆ.

ದುಃಖದ ಮುಂದೆ ನಗಲೇಬಾರದೆಂದು ಹೇಳಿದರೆ ರಂಗೂನಮ್ಮನಿಗೆ ಆ ನಗುವೂ ಇಲ್ಲವಾಗುತ್ತಿತ್ತು. ಯಾರು ಬೇಕಾದರೂ ನಗಬಹುದೆಂದರೆ ಆ ಅಕ್ಕಿಯ ಗಂಟು ಇಂದಿಗೂ ಪರಿಹಾಸ್ಯದ ವಸ್ತುವಾಗುತ್ತದೆ. ಸೀಮೆಎಣ್ಣೆಗೆ ಇದ್ದಂತೆ ನಗುವಿಗೂ ಒಂದು ಸರದಿ ಇದೆ. ಹೆಚ್ಚು ಹೊತ್ತು ನಿಂತವರು ಮುಂದಿರಬೇಕು. ನಾವು ಕೊನೆಗೆ ಬಂದವರು, ಅವರ ಹಿಂದೆ ನಿಲ್ಲಬೇಕು.

ಹುಡುಗನಿಗೆ ಎಲ್ಲ ಕಥೆಗಳನ್ನೂ ಬರೆದು ಕೊಡುತ್ತಿದ್ದೇನೆ: ವೀಣೆ, ಹುಣಿಸೆಬೀಜದ ಕಾಫಿ, ತೂತು ಕಾಸು. ಒಂದೇ ಷರತ್ತು, ರಂಗೂನಮ್ಮ ಆ ಮನೆಯಲ್ಲಿ ಇರಬೇಕು. ನಗುವುದೋ ಬೇಡವೋ ಎಂದು ಅನುಮಾನ ಬಂದ ಕಡೆಯಲ್ಲೆಲ್ಲ ಕ್ಯಾಮೆರಾವನ್ನು ಆಕೆಯ ಮುಖದ ಕಡೆ ತಿರುಗಿಸಿ ನೋಡು ಎಂದಿದ್ದೇನೆ. ಅವನು ಇನ್ನೂ ಹ್ಞೂಂ ಎಂದಿಲ್ಲ.