ಕಳೆದುಹೋದದ್ದು ಯಾವುದು?

ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು ಮೊದಲು ಪೊಲೀಸರಿಗೆ ದೂರು ಕೊಡಬೇಕು. ದೂರಿನ ಪ್ರತಿ, ಫೋಟೊ, ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲೇ ಉಳಿಯುವವರಿಗೆ ಹೊಸ ಪಾಸ್‌ಪೋರ್ಟ್, ತುರ್ತಾಗಿ ಮರಳುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್. ಇದು ಊರಿಗೆ ಬರುವ ಒಂದು ಪ್ರಯಾಣಕ್ಕೆ ಮಾತ್ರ. ಪ್ರವಾಸ ಹೋದವರಿಗೆ ಇದೆಲ್ಲ ನಾಲ್ಕು ದಿನದ ಓಡಾಟ, ಒಂದಿಷ್ಟು ಖರ್ಚು. ಮುಂದೆ ನೆಂಟರಿಗೆ ಹೇಳಲೊಂದು ಕಥೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಿಂದ ಕೊಲ್ಲಿಗೆ ದುಡಿಯಲು ಹೋದವರ ಮಾತು ಬೇರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಕ್ಕಳನ್ನು ಸಾಕಿದ ತಾಯಿಯೊಬ್ಬಳ ಮಗ ರಿಯಾದಿನಲ್ಲಿ ಮನೆಯ ಡ್ರೈವರ್ ಎಂದುಕೊಳ್ಳೋಣ. ಬಂದಿಳಿದ ದಿನವೇ ಅವನ ಪಾಸ್‌ಪೋರ್ಟ್ ಮಾಲೀಕನ ಬೀರು ಸೇರಿದೆ. ಆರು ತಿಂಗಳಿಂದ ಸಂಬಳವಿಲ್ಲ. ಕೊನೆಗೆ ಅವನು ಮನೆ ಬಿಟ್ಟು ಹೊರಬೀಳುತ್ತಾನೆ. ಈಗ ಅರ್ಜಿಯಲ್ಲಿ ಏನು ಬರೆಯಬೇಕು? ನಿಜ ಬರೆದರೆ ವಿಚಾರಣೆ, ಕಾಯುವಿಕೆ, ಕೆಲಸ ಬಿಟ್ಟು ಓಡಿಹೋದನೆಂಬ 'ಹುರೂಬ್' ದೂರಿನ ಭಯ. "ಕಳೆದುಹೋಗಿದೆ ಅಂತ ಬರೆದುಬಿಡು, ಬೇಗ ಊರು ಸೇರ್ತೀ" ಎನ್ನುತ್ತಾರೆ ಜೊತೆಗಾರರು.

ಇದು ಸುಳ್ಳೇ? ಹೌದು, ಸುಳ್ಳೇ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದು ಎರಡು ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಅದೇ ಕಾಯ್ದೆ, ಪಾಸ್‌ಪೋರ್ಟ್ ಎಂದೆಂದೂ ಕೇಂದ್ರ ಸರಕಾರದ ಸ್ವತ್ತು ಎಂದೂ ಹೇಳುತ್ತದೆ. ಯಾರ ಹೆಸರಿನಲ್ಲಿದೆಯೋ ಅವನಿಗೂ ಅದು ಅಮಾನತ್ತು. ಹಾಗಿರುವಾಗ ಇನ್ನೊಬ್ಬ ಅದನ್ನು ಬೀಗ ಹಾಕಿ ಇಟ್ಟುಕೊಳ್ಳಲು ಹಕ್ಕೆಲ್ಲಿಯದು?

ಬಲವಂತಕ್ಕೆ ಸಿಕ್ಕವನು ಹೇಳಿದ ಸುಳ್ಳಿನ ಭಾರ ಬಲವಂತ ಮಾಡಿದವನ ಮೇಲಿರುತ್ತದೆ ಎಂದೇ ನಾವು ತಿಳಿಯುತ್ತೇವೆ. ಆದರೂ ಆ ಒಂದು ಪದಕ್ಕೆ ಬೆಲೆಯಿದೆ. 'ಕಳೆದುಹೋಗಿದೆ' ಎಂದು ಬರೆದೊಡನೆ ಅನ್ಯಾಯವು ಆಕಸ್ಮಿಕವಾಗಿ ದಾಖಲಾಗುತ್ತದೆ. ಮಾಲೀಕ ಕಾಗದದಿಂದಲೇ ಮಾಯವಾಗುತ್ತಾನೆ. ತಪ್ಪು ಡ್ರೈವರನ ಅಜಾಗರೂಕತೆಯದಾಗುತ್ತದೆ. ಮುಂದಿನ ಡ್ರೈವರನ ಪಾಸ್‌ಪೋರ್ಟಿಗಾಗಿ ಅದೇ ಬೀರು ಕಾದಿರುತ್ತದೆ.

ಹಾಗೆಂದು ಜೇಬು ಬರಿದಾಗಿ, ಹೊಟ್ಟೆ ಹಸಿದು ನಿಂತವನಿಗೆ "ಸತ್ಯ ಹೇಳು, ಏನಾದರೂ ಆಗಲಿ" ಎಂದು ದೂರದಿಂದ ಉಪದೇಶ ಮಾಡುವುದು ನ್ಯಾಯವೇ? ಸತ್ಯದ ಬೆಲೆಯನ್ನು ಅತ್ಯಂತ ದುರ್ಬಲನಿಂದಲೇ ವಸೂಲು ಮಾಡುವುದು ನೀತಿಯಲ್ಲ. ಅವನು ಹೇಳಲಾಗದ್ದನ್ನು ಸುರಕ್ಷಿತವಾಗಿರುವವರು ಹೇಳಬೇಕು. 2015ರಲ್ಲಿ ವಿದೇಶಾಂಗ ಇಲಾಖೆ ಆರಂಭಿಸಿದ 'ಮದದ್' ವ್ಯವಸ್ಥೆಯಲ್ಲಿ ಮನೆಯವರೇ ಊರಿನಿಂದ ದೂರು ದಾಖಲಿಸಬಹುದು. ಅದಕ್ಕೆ ಪಾಸ್‌ಪೋರ್ಟಿನ ನಕಲು ಮನೆಯಲ್ಲಿರಬೇಕು. ಓದು ಬಾರದ ತಾಯಿಗೆ ಅರ್ಜಿ ತುಂಬಿಕೊಡುವ ನೆರೆಯವರೂ ಇರಬೇಕು. ಗುರುತು ವಿಚಾರಿಸಲು ಪೊಲೀಸರು ಓಣಿಗೆ ಬಂದಾಗ, "ಹೌದು, ಇವ ನಮ್ಮೂರ ಹುಡುಗ" ಎಂದು ಗವಾಹಿ ಹೇಳಲು ಹಿಂಜರಿಯಬಾರದು.

ಇನ್ನೊಂದು ಮಾತು. ಸಾಲಕ್ಕೆ ಬಡವರ ರೇಷನ್ ಕಾರ್ಡು, ಎಟಿಎಂ ಕಾರ್ಡು ಒತ್ತೆ ಇಟ್ಟುಕೊಳ್ಳುವವರು, ಹಣ ಪೂರ್ತಿ ಕೊಡುವ ತನಕ ಪಾಸ್‌ಪೋರ್ಟ್ ಬಿಡದ ಏಜೆಂಟರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಸಲಾಮು ಹೊಡೆದು ಕೊಲ್ಲಿಯ ಮಾಲೀಕನನ್ನು ಮಾತ್ರ ಬೈದರೆ ಸಾಲದು. ಕಾಗದ ಕಳೆದರೆ ಸರಕಾರ ಇನ್ನೊಂದು ಕೊಟ್ಟೀತು. ಒಬ್ಬರು ಇನ್ನೊಬ್ಬರ ಮೇಲಿಟ್ಟ ಭರವಸೆ ಕಳೆದರೆ ನಕಲು ಪ್ರತಿ ಕೊಡುವ ಕಚೇರಿ ಎಲ್ಲಿದೆ?