ಅಂಗಡಿ ಅಜ್ಜಿಯ ಲೆಕ್ಕದ ಪುಸ್ತಕ

ಹಾಸನ ತಾಲ್ಲೂಕಿನ ದುದ್ದದಂಥ ಊರುಗಳಲ್ಲಿ ಅಂಗಡಿ ನಡೆಸುವ ಅಜ್ಜಿಯರನ್ನು ನಾವೆಲ್ಲ ಬಲ್ಲೆವು. "ಬಾ ಮಗ, ಕೂತ್ಕೊ" ಎಂಬ ಮಾತು ಮೊದಲು, "ಏನು ಬೇಕು?" ಎಂಬುದು ಆಮೇಲೆ. ಮಗಳ ಬಾಣಂತನ, ಅತ್ತೆ-ಸೊಸೆ ಜಗಳ, ಸಂತೆಯ ಸುದ್ದಿ ಎಲ್ಲವೂ ಆ ಜಗಲಿಗೆ ಬರುತ್ತವೆ.

ಆಲೂಗೆಡ್ಡೆ ಬೆಳೆಯುವ ಮನೆಗಳವರು ಮೇ-ಜೂನ್‌ನಲ್ಲಿ ಬಿತ್ತಿದರೆ, ಗೆಡ್ಡೆ ಕಿತ್ತು ಮಾರುವ ತನಕ ಕೈಯಲ್ಲಿ ಕಾಸಿರುವುದಿಲ್ಲ. ಅಲ್ಲಿಯವರೆಗೆ ಅಜ್ಜಿ ಲೆಕ್ಕ ಬರೆದುಕೊಳ್ಳುತ್ತಾರೆ. ಅಂಗಮಾರಿ ರೋಗ ಬಿದ್ದ ವರ್ಷ ಆ ಪುಟ ಹಾಗೆಯೇ ಉಳಿಯುತ್ತದೆ.

ಅಂಥ ಅಜ್ಜಿ ತೀರಿಕೊಂಡರೆ ಊರೇ ಅಳುತ್ತದೆ. ನವೆಂಬರ್ 2ರ ಮೃತರ ಸ್ಮರಣೆಯಂದು ನಾವು ಸಮಾಧಿಗೆ ಹೂವು, ಮೇಣದಬತ್ತಿ ಒಯ್ಯುತ್ತೇವೆ. ಪುಸ್ತಕದಲ್ಲಿನ ಬಾಕಿ? ಅದು ಅವರೊಂದಿಗೆ ಮಣ್ಣಿಗೆ ಹೋಗುವುದಿಲ್ಲ, ವಾರಸುದಾರರಿಗೆ ಸೇರುತ್ತದೆ. 1963ರ ಕಾಲಮಿತಿ ಕಾಯಿದೆಯಂತೆ ಮಾರಿದ ಸಾಮಾನಿನ ಹಣಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಆಮೇಲೆ ನ್ಯಾಯಾಲಯ ಕೇಳುವುದಿಲ್ಲ, ನಿಜ. ಆದರೆ ಋಣ ತೀರಿತೇ?

"ಅಜ್ಜಿ ಧಾರಾಳಿ, ಒಂದು ದಿನ ಕೇಳಲಿಲ್ಲ" ಎಂದು ಹೊಗಳುವವರಲ್ಲಿ ಬಾಕಿದಾರರೂ ಇರುತ್ತಾರೆ! ಕೇಳದೆ ಇದ್ದದ್ದು ಬಿಟ್ಟುಕೊಟ್ಟಂತಲ್ಲ. ಮನ್ನಾ ಮಾಡುವ ಹಕ್ಕು ಕೊಟ್ಟವರದು; ಪಡೆದವರು ತಮಗೆ ತಾವೇ ಮನ್ನಾ ಮಾಡಿಕೊಳ್ಳಲಾಗದು. ನಿಜಕ್ಕೂ ಇಲ್ಲದವರ ಮಾತು ಬೇರೆ. ಅವರ ಬಾಗಿಲಿಗೆ ಪುಸ್ತಕ ಹಿಡಿದು ಹೋಗುವ ಮೊದಲು, ಅಜ್ಜಿ ಅವರನ್ನು ಯಾಕೆ ಕೇಳಲಿಲ್ಲವೆಂದು ಮೊಮ್ಮಕ್ಕಳು ಯೋಚಿಸಬೇಕು.

ಇದ್ದವರು ಮಾತ್ರ ಹೂವು ಕೊಳ್ಳುವ ಮುಂಚೆ ಆ ಮನೆಗೆ ಹೋಗಿ "ನಮ್ಮ ಪುಟ ತೆಗೀರಿ" ಎನ್ನಲಿ. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂತು ಬರಲಿ. ಅಜ್ಜಿಯ ಬಗ್ಗೆ ಮಾತಾಡುವವರು ಆ ಮನೆಗೆ ಬೇಕಾಗಿರುತ್ತಾರೆ.